ಸಹಿಗೆ ಮುನ್ನ ಗುರುತಿಸಬೇಕಾದ ಎಚ್ಚರಿಕೆಯ ಸೂಚನೆಗಳು: ಬಾಡಿಗೆ ಮತ್ತು ಭೋಗ್ಯದ ಕರಾರು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಮಕ್ಕಳ ಓದಿಗಾಗಿ ತಾಲ್ಲೂಕು ಕೇಂದ್ರಕ್ಕೂ, ಉದ್ಯೋಗಕ್ಕಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ನಗರಗಳಿಗೂ ಹೋಗಿ ನೆಲೆಸುವ ಕುಟುಂಬಗಳು ಪ್ರತಿಯೊಂದು ಗ್ರಾಮದಲ್ಲಿಯೂ ಇವೆ. ಊರಿನಲ್ಲಿಯೇ ಬಸ್ ನಿಲ್ದಾಣದ ಬಳಿ ಮಳಿಗೆ ಹಿಡಿದು ಅಂಗಡಿ ತೆರೆಯುವ ಯುವಕರೂ ಸ್ವಸಹಾಯ ಸಂಘದ ಮಹಿಳೆಯರೂ ಇದ್ದಾರೆ. ಇವರೆಲ್ಲರೂ ಒಂದಲ್ಲ ಒಂದು ದಿನ ಬಾಡಿಗೆಯ ಇಲ್ಲವೇ ಭೋಗ್ಯದ ಕರಾರಿಗೆ ಸಹಿ ಹಾಕುವವರೇ. ಜಮೀನು ಅಥವಾ ಒಡವೆ ಮಾರಿದ ಹಣ, ಸಂಘದಿಂದ ಪಡೆದ ಸಾಲ, ನಿವೃತ್ತಿಯ ಮೊತ್ತ, ಹೀಗೆ ಕುಟುಂಬದ ಬಹುಪಾಲು ಉಳಿತಾಯ ಆ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಸಹಿಗೆ ಮುಂಚೆ ವಕೀಲರ ಬಳಿಗೆ ಹೋಗುವವರು ಕಡಿಮೆ. ವಾರ್ಡಿನ ಸದಸ್ಯರ ಮನೆಗೆ ಬರುವವರು ಹೆಚ್ಚು. ‘ಒಂದು ಸಾಕ್ಷಿ ಸಹಿ ಹಾಕಿಕೊಡಿ’ ಎಂಬ ಕೋರಿಕೆ ಬಾರದ ಸದಸ್ಯರು ವಿರಳ. ಆದುದರಿಂದ ಕರಾರಿನಲ್ಲಿ ಅಡಗಿರುವ ಅಪಾಯವನ್ನು ಗುರುತಿಸುವ ಪ್ರಾಥಮಿಕ ತಿಳಿವಳಿಕೆ ಸದಸ್ಯರಿಗೆ ಅವಶ್ಯ. ಸದಸ್ಯರು ವ್ಯಾಜ್ಯವನ್ನು ತೀರ್ಮಾನಿಸಬೇಕಾಗಿಲ್ಲ. ಸಹಿ ಹಾಕುವವನ ಮುಂದೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಸಮಯದಲ್ಲಿ ಇಟ್ಟರೆ ಸಾಕು.

ಈ ಪಾಠದ ತಿರುಳು ಇಷ್ಟೇ: ಬಾಡಿಗೆ ಎಷ್ಟು ಎಂಬುದು ಕರಾರಿನ ಮೊದಲ ಪ್ರಶ್ನೆಯಲ್ಲ. ಕೊಡುವವನಿಗೆ ಕೊಡುವ ಹಕ್ಕಿದೆಯೇ, ಲೆಕ್ಕ ಕೂಡುತ್ತದೆಯೇ, ಕೊಟ್ಟ ಮುಂಗಡ ಮರಳಿ ಬರುವ ದಾರಿ ಬರವಣಿಗೆಯಲ್ಲಿದೆಯೇ, ಇವು ಮೊದಲ ಮೂರು ಪ್ರಶ್ನೆಗಳು. ಇವುಗಳಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ಸಹಿಯನ್ನು ಮುಂದೂಡತಕ್ಕದ್ದು.

ಕೃಷಿ ಜಮೀನಿನ ಗೇಣಿ ಈ ಪಾಠದ ವ್ಯಾಪ್ತಿಗೆ ಸೇರಿಲ್ಲ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಪ್ರಕರಣವು, ಕಾಯ್ದೆಯಲ್ಲಿಯೇ ಹೇಳಿರುವ ವಿನಾಯಿತಿಗಳ ಹೊರತು, ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಅಂತಹ ಕಾಗದ ಎದುರಾದರೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸುವಂತೆ ತಿಳಿಸಬೇಕು.

2. ಪದಗಳ ಅರ್ಥ

ಬಾಡಿಗೆ: ಪ್ರತಿ ತಿಂಗಳು ಹಣ ಕೊಟ್ಟು ಮನೆ ಅಥವಾ ಮಳಿಗೆಯನ್ನು ಅನುಭವಿಸುವುದು. ಇದರೊಂದಿಗೆ ಮುಂಗಡ ಠೇವಣಿ ಇರುತ್ತದೆ. ಮುಂಗಡ ಇಷ್ಟೇ ಇರಬೇಕೆಂಬ ಮಿತಿ ನಮ್ಮಲ್ಲಿ ರೂಢಿಯಲ್ಲಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ 2 ತಿಂಗಳ, ಇತರ ಕಟ್ಟಡಕ್ಕೆ 6 ತಿಂಗಳ ಬಾಡಿಗೆಯಷ್ಟು ಮಿತಿಯನ್ನು ಸೂಚಿಸಿದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯವು ತನ್ನ ಕಾನೂನಾಗಿ ಅಂಗೀಕರಿಸದ ಹೊರತು ಅದನ್ನು ತೋರಿಸಿ ಹಕ್ಕು ಕೇಳಲಾಗದು.

ಭೋಗ್ಯ: ನಗರಗಳಲ್ಲಿ ಇದನ್ನೇ ‘ಲೀಸ್’ ಎನ್ನುತ್ತಾರೆ. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಪೂರ್ಣ ಮೊತ್ತವನ್ನು ಮರಳಿ ಪಡೆಯುವ ಪದ್ಧತಿ. ಕಾನೂನಿನ ದೃಷ್ಟಿಯಲ್ಲಿ ಇದು ಬಾಡಿಗೆಗಿಂತ ಅಡಮಾನಕ್ಕೆ ಹತ್ತಿರವಾದುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಪ್ರಕರಣದಲ್ಲಿ ಭೋಗ್ಯದ ಅಡಮಾನದ ವಿವರಣೆಯಿದೆ. 59ನೇ ಪ್ರಕರಣದ ಪ್ರಕಾರ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತದ ಇಂತಹ ಅಡಮಾನವು ನೋಂದಾಯಿತ ಪತ್ರದ ಮೂಲಕವೇ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಆಗಬೇಕು.

ನೋಂದಣಿ ಮತ್ತು ನೋಟರಿ: ಇವೆರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನೋಂದಣಿ ಆಗುವುದು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ. ಅದರ ದಾಖಲೆ ಸರ್ಕಾರದ ಪುಸ್ತಕದಲ್ಲಿ ಉಳಿಯುತ್ತದೆ, ಮುಂದೆ ಆ ಆಸ್ತಿಯನ್ನು ಕೊಳ್ಳುವವನಿಗೂ ಸಾಲ ಕೊಡುವ ಬ್ಯಾಂಕಿಗೂ ಕಾಣುತ್ತದೆ. ನೋಟರಿಯ ಮೊಹರು ಇಂತಹವರು ತನ್ನ ಮುಂದೆ ಸಹಿ ಹಾಕಿದರೆಂಬುದಕ್ಕೆ ಮಾತ್ರ ದೃಢೀಕರಣ. ಅದು ನೋಂದಣಿಯ ಸ್ಥಾನವನ್ನು ತುಂಬುವುದಿಲ್ಲ.

ಹನ್ನೊಂದು ತಿಂಗಳು: ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರು ಕಡ್ಡಾಯವಾಗಿ ನೋಂದಣಿಯಾಗಬೇಕೆಂದು 1908ರ ನೋಂದಣಿ ಕಾಯ್ದೆಯ 17ನೇ ಪ್ರಕರಣವೂ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಪ್ರಕರಣವೂ ಹೇಳುತ್ತವೆ. ಅದನ್ನು ತಪ್ಪಿಸಲು 11 ತಿಂಗಳಿಗೆ ಕರಾರು ಬರೆಯುವ ರೂಢಿ ಬಂದಿದೆ. ಸಣ್ಣ ಮುಂಗಡದ ಬಾಡಿಗೆ ಮನೆಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಕಾಗದದಲ್ಲಿ 11 ತಿಂಗಳು ಎಂದು ಬರೆದು, ಬಾಯಿಮಾತಿನಲ್ಲಿ 3 ವರ್ಷ ಎಂದು ಹೇಳಿ, ಲಕ್ಷಗಟ್ಟಲೆ ಹಣ ಪಡೆಯುತ್ತಿದ್ದರೆ ಅದು ಸ್ಪಷ್ಟವಾದ ಎಚ್ಚರಿಕೆಯ ಸೂಚನೆ. ಹನ್ನೆರಡನೆಯ ತಿಂಗಳಿನಲ್ಲಿ ಬಾಯಿಮಾತಿಗೆ ಸಾಕ್ಷಿ ಹೇಳುವವರು ಯಾರು ಎಂಬುದನ್ನು ಯೋಚಿಸಬೇಕು.

3. ಮೊದಲನೆಯ ಪರಿಶೀಲನೆ: ಕೊಡುವವನಿಗೆ ಕೊಡುವ ಹಕ್ಕಿದೆಯೇ?

ಮನೆಯ ಬೀಗದ ಕೈ ಇಟ್ಟುಕೊಂಡವರೆಲ್ಲರೂ ಮಾಲೀಕರಲ್ಲ. ಕೆಳಗಿನ ಸಂದರ್ಭಗಳಲ್ಲಿ ವಿಶೇಷ ಎಚ್ಚರ ಅಗತ್ಯ.

ಅ) ತಂದೆಯ ಹೆಸರಿನ ಖಾತೆ, ಮಗನ ಸಹಿ. ಮೂಲ ಮಾಲೀಕರು ತೀರಿಕೊಂಡ ನಂತರ ಖಾತೆ ಬದಲಾಗದೆ ಉಳಿದಿರುವ ಮನೆಗಳು ನಮ್ಮ ಗ್ರಾಮಗಳಲ್ಲಿ ಅನೇಕ. ಅಂತಹ ಮನೆಯಲ್ಲಿ ಸೋದರರಿಗೂ ಸೋದರಿಯರಿಗೂ ತಾಯಿಗೂ ಪಾಲಿರಬಹುದು. ಒಬ್ಬರೇ ಸಹಿ ಮಾಡಿಕೊಟ್ಟ ಭೋಗ್ಯವನ್ನು ಉಳಿದವರು ಪ್ರಶ್ನಿಸಿದಾಗ ಹಣ ಕೊಟ್ಟವನು ಅವರ ಕುಟುಂಬದ ವ್ಯಾಜ್ಯದ ನಡುವೆ ಸಿಲುಕುತ್ತಾನೆ. ಪಾಲುದಾರರೆಲ್ಲರೂ ಸಹಿ ಹಾಕಬೇಕು. ಇಲ್ಲವೇ ವಿಭಾಗ ಪತ್ರವನ್ನು ತೋರಿಸಬೇಕು.

ಆ) ಅಧಿಕಾರ ಪತ್ರದ ಮೇಲೆ ಸಹಿ. ಮಾಲೀಕರು ದೂರದಲ್ಲಿದ್ದಾರೆ, ನನಗೆ ಅಧಿಕಾರ ಪತ್ರ ಕೊಟ್ಟಿದ್ದಾರೆ ಎನ್ನುವವರು ಮೂಲ ಪತ್ರವನ್ನು ತೋರಿಸಬೇಕು. ಬಾಡಿಗೆಗೆ ಅಥವಾ ಭೋಗ್ಯಕ್ಕೆ ಕೊಡುವ, ಹಣ ಸ್ವೀಕರಿಸುವ ಅಧಿಕಾರ ಅದರಲ್ಲಿ ಬರೆದಿರಬೇಕು. ಪತ್ರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಆದ್ದರಿಂದ ಮಾಲೀಕರೊಡನೆ ನೇರವಾಗಿ, ಸಾಧ್ಯವಾದರೆ ವಿಡಿಯೋ ಕರೆಯಲ್ಲಿ, ಮಾತನಾಡದೆ ಹಣ ಕೊಡಬಾರದು.

ಇ) ಬಾಡಿಗೆದಾರನೇ ಮರುಬಾಡಿಗೆಗೆ ಕೊಡುವುದು. ಮಾಲೀಕರ ಲಿಖಿತ ಒಪ್ಪಿಗೆಯನ್ನು ಕಾಣದೆ ಇಂತಹ ಕರಾರಿಗೆ ಕೈಹಾಕಬಾರದು.

ಈ) ಬ್ಯಾಂಕಿಗೆ ಅಡವಿಟ್ಟ ಮನೆ. ಇದು ಎಲ್ಲಕ್ಕಿಂತ ದೊಡ್ಡ ಅಪಾಯ. ಸಾಲ ಮರುಪಾವತಿಯಾಗದಿದ್ದಲ್ಲಿ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು 60 ದಿನಗಳ ನೋಟಿಸ್ ನೀಡಿ, ತದನಂತರ ಆಸ್ತಿಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಆ ನೋಟಿಸ್ ಹೋಗುವುದು ಸಾಲಗಾರನಿಗೆ. ಒಳಗೆ ವಾಸವಿರುವ ಕುಟುಂಬಕ್ಕೆ ವಿಷಯ ತಿಳಿಯುವುದು ಅನೇಕ ವೇಳೆ ಬಾಗಿಲಿಗೆ ಚೀಟಿ ಅಂಟಿಸಿದಾಗ. ನೋಂದಣಿಯಾಗದ ಕರಾರು ಅಥವಾ ಬಾಯಿಮಾತನ್ನು ಆಧರಿಸಿದ ಬಾಡಿಗೆದಾರನು ಇಂತಹ ಆಸ್ತಿಯಲ್ಲಿ ಒಂದು ವರ್ಷಕ್ಕೆ ಮೀರಿ ಸ್ವಾಧೀನದ ಹಕ್ಕು ಕೇಳಲಾರನೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇದನ್ನು ಪತ್ತೆ ಹಚ್ಚುವ ವಿಧಾನ ಕಷ್ಟಕರವಲ್ಲ. ಮೊದಲಿಗೆ, ಮೂಲ ಕ್ರಯಪತ್ರವನ್ನು ತೋರಿಸುವಂತೆ ಕೇಳಬೇಕು. ಮೂಲವು ‘ಬ್ಯಾಂಕಿನಲ್ಲಿದೆ’ ಎಂಬ ಉತ್ತರ ಬಂದರೆ ಮನೆಯ ಮೇಲೆ ಸಾಲವಿದೆ ಎಂದರ್ಥ. ಆಗ ಸಾಲದ ಬಾಕಿ, ಕಂತು ಕಟ್ಟಿರುವ ವಿವರ, ಬ್ಯಾಂಕಿನ ಲಿಖಿತ ಒಪ್ಪಿಗೆ ಇವುಗಳನ್ನು ಕೇಳಬೇಕು. ಎರಡನೆಯದಾಗಿ, ಋಣಭಾರ ಪ್ರಮಾಣಪತ್ರವನ್ನು, ಅಂದರೆ ಜನರು ಇ.ಸಿ. ಎಂದು ಕರೆಯುವ ದಾಖಲೆಯನ್ನು, ಕಾವೇರಿ ಆನ್‌ಲೈನ್ ಸೇವೆಯಲ್ಲಿ ಅಥವಾ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಪಡೆಯಬೇಕು. ನೋಂದಾಯಿತ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಅದು ಬರುತ್ತದೆ. ನೋಂದಣಿಯಾಗದ ವ್ಯವಹಾರ ಅದರಲ್ಲಿ ಕಾಣುವುದಿಲ್ಲ, ಆದುದರಿಂದ ಇ.ಸಿ. ಖಾಲಿಯಿದ್ದರೂ ಮೂಲಪತ್ರವನ್ನು ಕಣ್ಣಾರೆ ನೋಡುವುದು ತಪ್ಪಬಾರದು.

ಗ್ರಾಮ ವ್ಯಾಪ್ತಿಯ ಕಟ್ಟಡವಾದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ರಲ್ಲಿರುವ ಹೆಸರು ಹಾಗೂ ಅಳತೆ, ಚಾಲ್ತಿ ವರ್ಷದ ಕಂದಾಯದ ರಸೀದಿ, ವಿದ್ಯುತ್ ಬಿಲ್ಲಿನ ಆರ್.ಆರ್. ಸಂಖ್ಯೆ ಮತ್ತು ಹೆಸರು ಇವುಗಳನ್ನು ಹೋಲಿಸಬೇಕು. ಒಂದು ಮಾತು ನೆನಪಿರಲಿ: ಖಾತೆಯು ತೆರಿಗೆಯ ದಾಖಲೆ, ಅದೇ ಮಾಲೀಕತ್ವದ ಅಂತಿಮ ಪುರಾವೆಯಲ್ಲ. ಆದರೆ ಖಾತೆಯಲ್ಲಿ ಒಂದು ಹೆಸರು, ಕರಾರಿನಲ್ಲಿ ಮತ್ತೊಂದು ಹೆಸರು ಇದ್ದರೆ ಅದಕ್ಕೆ ವಿವರಣೆ ಕೇಳುವ ಹಕ್ಕು ಹಣ ಕೊಡುವವನಿಗೆ ಇದ್ದೇ ಇದೆ.

4. ಎರಡನೆಯ ಪರಿಶೀಲನೆ: ಲೆಕ್ಕ ಕೂಡುತ್ತದೆಯೇ?

ಅಗ್ಗವಾಗಿ ಸಿಕ್ಕಿತೆಂಬ ಸಂತೋಷವೇ ಅನೇಕರನ್ನು ಮೋಸಕ್ಕೆ ಒಡ್ಡಿದೆ. ಕಾಗದ ಪೆನ್ನು ಹಿಡಿದು 10 ನಿಮಿಷ ಲೆಕ್ಕ ಹಾಕಿದರೆ ಈ ಅಪಾಯ ಕಣ್ಣಿಗೆ ಕಾಣುತ್ತದೆ. ಮೂರು ಲೆಕ್ಕಗಳನ್ನು ಇಲ್ಲಿ ಕೊಟ್ಟಿದೆ. ಮೊತ್ತಗಳು ಉದಾಹರಣೆಗಾಗಿ.

ಮೊದಲ ಲೆಕ್ಕ: ಮಾಲೀಕ ಎಷ್ಟು ಬಡ್ಡಿ ಕೊಡುತ್ತಿದ್ದಾನೆ? ನೆರೆಹೊರೆಯಲ್ಲಿ ತಿಂಗಳಿಗೆ 15,000 ರೂಪಾಯಿ ಬಾಡಿಗೆಗೆ ಹೋಗುವ ಮನೆಯೊಂದು 5 ಲಕ್ಷಕ್ಕೆ ಭೋಗ್ಯಕ್ಕಿದೆ ಎಂದುಕೊಳ್ಳೋಣ. ಮಾಲೀಕನು ವರ್ಷಕ್ಕೆ 1,80,000 ರೂಪಾಯಿ ಬಾಡಿಗೆಯನ್ನು ಬಿಟ್ಟುಕೊಡುತ್ತಿದ್ದಾನೆ. 5 ಲಕ್ಷಕ್ಕೆ ಅದು ಶೇಕಡ 36 ಬಡ್ಡಿಯಾಯಿತು. ಮನೆಯೆಂಬ ಆಸ್ತಿಯನ್ನು ಇಟ್ಟುಕೊಂಡವನಿಗೆ ಬ್ಯಾಂಕಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಬಡ್ಡಿಗೆ ಸಾಲ ದೊರೆಯುತ್ತದೆ. ಹಾಗಿದ್ದರೂ ಶೇಕಡ 36ಕ್ಕೆ ಹಣ ಹುಡುಕುತ್ತಿದ್ದಾನೆಂದರೆ ಆಸ್ತಿಯ ಮೇಲೆ ಈಗಾಗಲೇ ಸಾಲವಿರಬಹುದು, ದಾಖಲೆಯಲ್ಲಿ ದೋಷವಿರಬಹುದು, ಅಥವಾ ಅವನು ಮಾಲೀಕನೇ ಅಲ್ಲದಿರಬಹುದು. ತುರ್ತು ಅಗತ್ಯದಂತಹ ಪ್ರಾಮಾಣಿಕ ಕಾರಣವೂ ಇರಬಹುದು. ಆದರೆ ಅದನ್ನು ದಾಖಲೆಗಳೇ ಹೇಳಬೇಕು.

ಎರಡನೆಯ ಲೆಕ್ಕ: ಮಧ್ಯವರ್ತಿ ಎಲ್ಲಿಂದ ಕೊಡುತ್ತಾನೆ? ಬೆಂಗಳೂರಿನಲ್ಲಿ ಒಂದು ಬಗೆಯ ವ್ಯವಹಾರದ ಬಗ್ಗೆ ಪೊಲೀಸ್ ದೂರುಗಳು ದಾಖಲಾಗಿವೆ. ಮಧ್ಯವರ್ತಿ ಸಂಸ್ಥೆಯೊಂದು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು, ಅದೇ ಮನೆಯನ್ನು ಬೇರೊಬ್ಬರಿಗೆ ಭೋಗ್ಯಕ್ಕೆ ಕೊಡುತ್ತದೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಸಂದಾಯವಾಗುತ್ತದೆ. ನಿಂತ ದಿನ ಮಾಲೀಕರು ಬಂದು ಮನೆ ಬಿಡಿ ಎನ್ನುತ್ತಾರೆ. ವಾಸವಿರುವವರ ಕೈಯಲ್ಲಿ ಮಾಲೀಕರ ಸಹಿಯಿರುವ ಯಾವ ಕಾಗದವೂ ಇರುವುದಿಲ್ಲ.

ಇದರ ಲೆಕ್ಕ ನೋಡಿ. ಸಂಸ್ಥೆಯು ವಾಸಕ್ಕೆ ಬರುವವರಿಂದ ಪಡೆದದ್ದು 5 ಲಕ್ಷ. ಮಾಲೀಕರಿಗೆ ತಿಂಗಳಿಗೆ 15,000ದಂತೆ 3 ವರ್ಷಕ್ಕೆ ಕೊಡಬೇಕಾದುದು 5,40,000. ಅವಧಿ ಮುಗಿದಾಗ ವಾಸವಿದ್ದವರಿಗೆ ಮರಳಿಸಬೇಕಾದುದು 5 ಲಕ್ಷ. ಒಟ್ಟು ಹೊರಹೋಗಬೇಕಾದುದು 10,40,000. ಕೈಗೆ ಬಂದದ್ದು 5 ಲಕ್ಷ. ಪಡೆದ ಹಣವೆಲ್ಲ 34ನೆಯ ತಿಂಗಳಿನಲ್ಲಿಯೇ ತೀರಿಹೋಗುತ್ತದೆ. ಹೊಸಬರ ಹಣದಿಂದ ಹಳಬರಿಗೆ ಕೊಡದ ಹೊರತು ಈ ವ್ಯವಹಾರ ನಡೆಯಲು ಸಾಧ್ಯವೇ ಇಲ್ಲ. ಆದುದರಿಂದ ಭೋಗ್ಯದ ಕರಾರಿನಲ್ಲಿ ಆಸ್ತಿಯ ಮಾಲೀಕರೇ ಸಹಿ ಹಾಕಬೇಕು, ಹಣ ಅವರ ಬ್ಯಾಂಕ್ ಖಾತೆಗೇ ಹೋಗಬೇಕು. ಇದಕ್ಕೆ ಒಪ್ಪದವರೊಡನೆ ವ್ಯವಹಾರ ಬೇಡ.

ಮೂರನೆಯ ಲೆಕ್ಕ: ಸಾಲ ಮಾಡಿ ಭೋಗ್ಯ ಹಾಕಿದರೆ ಲಾಭವೇ? 6 ಲಕ್ಷಕ್ಕೆ ಭೋಗ್ಯ ಹಾಕಲು ನೂರಕ್ಕೆ 2 ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ತಿಂಗಳ ಬಡ್ಡಿಯೇ 12,000 ರೂಪಾಯಿ. ಅದೇ ಮನೆ 9,000 ರೂಪಾಯಿಗೆ ಬಾಡಿಗೆಗೆ ದೊರೆಯುವಂತಿದ್ದರೆ ‘ಬಾಡಿಗೆಯಿಲ್ಲದ ಮನೆ’ ತಿಂಗಳಿಗೆ 3,000 ರೂಪಾಯಿ ದುಬಾರಿಯಾಯಿತು. ಅಸಲು ಮುಳುಗುವ ಭಯ ಬೇರೆ. ಸ್ವಂತ ಉಳಿತಾಯವನ್ನು ಬ್ಯಾಂಕಿನಿಂದ ತೆಗೆದು ಕೊಡುವವರೂ ಕಳೆದುಕೊಳ್ಳುವ ಬಡ್ಡಿಯನ್ನು ಬಾಡಿಗೆಯೊಡನೆ ಹೋಲಿಸಿ ನೋಡಬೇಕು.

ಮಳಿಗೆ ಹಿಡಿಯುವವರು ಏರಿಕೆಯ ಷರತ್ತನ್ನೂ ಲೆಕ್ಕ ಹಾಕಬೇಕು. 10,000 ರೂಪಾಯಿ ಬಾಡಿಗೆ ಪ್ರತಿ 11 ತಿಂಗಳಿಗೆ ಶೇಕಡ 10ರಂತೆ ಏರಿದರೆ ಮೂರು ನವೀಕರಣಗಳ ನಂತರ 13,310 ಆಗುತ್ತದೆ. ಶೇಕಡ 5ರಂತೆ ಏರಿದರೆ 11,576. ವ್ಯಾಪಾರ ಅಷ್ಟು ವೇಗವಾಗಿ ಬೆಳೆಯುವುದೇ ಎಂಬುದನ್ನು ಸಹಿಗೆ ಮೊದಲು ಕೇಳಿಕೊಳ್ಳಬೇಕು.

5. ಮೂರನೆಯ ಪರಿಶೀಲನೆ: ಕರಾರಿನಲ್ಲಿ ಏನಿದೆ, ಏನಿಲ್ಲ?

ಕರಾರನ್ನು ಓದದೆ ಸಹಿ ಹಾಕಬಾರದೆಂಬುದು ಎಲ್ಲರಿಗೂ ಗೊತ್ತು. ಆದರೆ ಕರಾರು ಇಂಗ್ಲಿಷಿನಲ್ಲಿದ್ದರೆ, ಟೈಪಿಂಗ್ ಅಂಗಡಿಯ ಹಳೆಯ ನಮೂನೆಯನ್ನು ಹಾಗೆಯೇ ತೆಗೆದಿದ್ದರೆ, ಓದುವುದು ಹೆಸರಿಗೆ ಮಾತ್ರ ಆಗುತ್ತದೆ. ಕನ್ನಡದಲ್ಲಿ ಬರೆಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕರಡು ಪ್ರತಿಯನ್ನು ಒಂದು ದಿನ ಮುಂಚಿತವಾಗಿ ಕೇಳಿ ಪಡೆಯಬೇಕು. ಕೆಳಗಿನವು ಅಪಾಯದ ಗುರುತುಗಳು:

• ಖಾಲಿ ಬಿಟ್ಟ ಜಾಗಗಳು. ದಿನಾಂಕ, ಮೊತ್ತ, ಅವಧಿ ಇವುಗಳಲ್ಲಿ ಯಾವುದನ್ನೂ ‘ಆಮೇಲೆ ತುಂಬಿಕೊಳ್ಳೋಣ’ ಎನ್ನಲು ಬಿಡಬಾರದು.

• ಕೊಟ್ಟ ಹಣ ಒಂದು, ಬರೆದ ಹಣ ಮತ್ತೊಂದು. 4 ಲಕ್ಷ ಪಡೆದು 1 ಲಕ್ಷ ಎಂದು ಬರೆದರೆ ಮರಳಿ ಕೇಳಲು ಆಧಾರ ಇರುವುದು 1 ಲಕ್ಷಕ್ಕೆ ಮಾತ್ರ.

• ಏಕಪಕ್ಷೀಯ ಷರತ್ತು. ಮಾಲೀಕನು ಯಾವಾಗ ಬೇಕಾದರೂ ಬಿಡಿಸಬಹುದು, ಬಾಡಿಗೆದಾರನು ಮಧ್ಯದಲ್ಲಿ ಬಿಟ್ಟರೆ ಮುಂಗಡ ಮುಟ್ಟುಗೋಲು ಎಂಬಂತಹ ಬರವಣಿಗೆ. ನೋಟಿಸಿನ ಅವಧಿ ಇಬ್ಬರಿಗೂ ಒಂದೇ ಇರಬೇಕು. ಕರಾರಿನಲ್ಲಿ ಅವಧಿಯನ್ನೇ ಬರೆಯದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಪ್ರಕರಣದ ಪ್ರಕಾರ ವಾಸದ ಮನೆಗೂ ಅಂಗಡಿಗೂ 15 ದಿನಗಳ ನೋಟಿಸು ಸಾಕಾಗುತ್ತದೆ. ಮಕ್ಕಳು ಶಾಲೆಗೆ ಹೋಗುವ ಕುಟುಂಬಕ್ಕೆ ಇದು ಬಹಳ ಕಡಿಮೆ. ಕನಿಷ್ಠ 2 ತಿಂಗಳು ಎಂದು ಬರೆಸಿಕೊಳ್ಳುವುದು ಉತ್ತಮ.

• ಮುಂಗಡ ಮರಳಿಸುವ ದಿನವಿಲ್ಲದಿರುವುದು. ‘ಮನೆ ಖಾಲಿ ಮಾಡಿದ ನಂತರ ಹಿಂತಿರುಗಿಸಲಾಗುವುದು’ ಎಂಬ ವಾಕ್ಯದಲ್ಲಿ ದಿನವೂ ಇಲ್ಲ, ವಿಧಾನವೂ ಇಲ್ಲ. ಅದರ ಬದಲು ಹೀಗೆ ಬರೆಸಬಹುದು: ‘ಮನೆಯನ್ನು ಖಾಲಿ ಮಾಡಿ ಬೀಗದ ಕೈಯನ್ನು ಒಪ್ಪಿಸುವ ದಿನವೇ ಪೂರ್ಣ ಮುಂಗಡವನ್ನು ಬಾಡಿಗೆದಾರರ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಯಾವುದೇ ಕಡಿತವಿದ್ದಲ್ಲಿ ಅದರ ವಿವರವನ್ನು ರಸೀದಿಯೊಂದಿಗೆ ಲಿಖಿತವಾಗಿ ಕೊಡತಕ್ಕದ್ದು.’

• ಸುಣ್ಣಬಣ್ಣದ ಹೆಸರಿನ ಕಡಿತ. ಸಹಜ ಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು ಕಾನೂನಿನ ಸಾಮಾನ್ಯ ತತ್ವ. ಬಣ್ಣಕ್ಕೆ ಹಣ ಹಿಡಿಯುವುದಿದ್ದರೆ ಎಷ್ಟೆಂಬುದನ್ನು ಮೊದಲೇ ಬರೆಯಬೇಕು.

• ಸ್ಟಾಂಪ್ ಕಾಗದದ ಕೊರತೆ. ತಕ್ಕ ಮುದ್ರಾಂಕ ಶುಲ್ಕವಿಲ್ಲದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಸ್ವೀಕರಿಸಬೇಕಾದರೆ ಬಾಕಿ ಶುಲ್ಕದೊಂದಿಗೆ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು. ಇಂದು ನೂರಿನ್ನೂರು ರೂಪಾಯಿಯ ಕಾಗದದಲ್ಲಿ ಮುಗಿಸಿ ಉಳಿಸಿದ ಹಣ ನಾಳೆ ಅನೇಕ ಪಟ್ಟು ಹೋಗುತ್ತದೆ. ಸರಿಯಾದ ಶುಲ್ಕವನ್ನು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬೇಕು.

• ಕರಾರೇ ಬೇಡವೆನ್ನುವುದು. ‘ನಂಬಿಕೆಯ ಮೇಲೆ ಇರಿ’ ಎನ್ನುವ ಮಾಲೀಕರೂ ಇದ್ದಾರೆ. ವಿಳಾಸದ ಪುರಾವೆ, ಮಕ್ಕಳ ಶಾಲಾ ದಾಖಲಾತಿ, ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರ ನೋಂದಣಿ ಮೊದಲಾದವುಗಳಿಗೆ ವಾಸದ ದಾಖಲೆ ಬೇಕಾಗುತ್ತದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ತಮ್ಮನ್ನು ಕಾಪಾಡುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಅದು ಎಲ್ಲ ಊರುಗಳಿಗೂ ಎಲ್ಲ ಮೊತ್ತದ ಬಾಡಿಗೆಗೂ ಅನ್ವಯಿಸುವ ಕಾನೂನಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಕರಾರಿನ ಬರವಣಿಗೆ ಇವೆರಡೇ ಆಧಾರ. ಆದ್ದರಿಂದಲೇ ಬರವಣಿಗೆಗೆ ಇಷ್ಟು ಮಹತ್ವ.

6. ಹಣ ಕೇಳುವ ರೀತಿಯಲ್ಲಿ ಕಾಣುವ ಸೂಚನೆಗಳು

ಅವಸರ ಪಡಿಸುವುದು ಮೋಸದ ಸಾಮಾನ್ಯ ಲಕ್ಷಣ. ‘ಇನ್ನಿಬ್ಬರು ಕಾಯುತ್ತಿದ್ದಾರೆ, ಸಂಜೆಯೊಳಗೆ ಟೋಕನ್ ಹಣ ಹಾಕಿ’ ಎಂಬ ಮಾತು ಕೇಳಿದಾಗ ಒಂದು ದಿನ ತಡೆಯುವುದೇ ಒಳಿತು. ಮನೆಯನ್ನು ನೋಡುವ ಮೊದಲೇ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಸಬೇಕು.

ಕೆಲಸಕ್ಕೆಂದು ನಗರಕ್ಕೆ ಹೊರಟ ಯುವಜನರು ಮೊಬೈಲಿನಲ್ಲಿಯೇ ಮನೆ ಹುಡುಕುತ್ತಾರೆ. ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ, ಬೀಗದ ಕೈ ಕಳುಹಿಸುತ್ತೇನೆ ಎಂದು ನಂಬಿಸಿ, ಗುರುತಿನ ಚೀಟಿಯ ಚಿತ್ರ ತೋರಿಸಿ ಹಣ ಪಡೆಯುವ ವಂಚನೆ ಹಲವೆಡೆ ನಡೆದಿದೆ. ಮನೆ ಬಾಡಿಗೆಗೆ ಕೊಡಲು ಹೊರಟವರನ್ನೂ ಹೀಗೆಯೇ ವಂಚಿಸುತ್ತಾರೆ: ‘ಮುಂಗಡ ಕಳುಹಿಸುತ್ತೇನೆ, ಈ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ, ಪಿನ್ ಒತ್ತಿ’ ಎನ್ನುತ್ತಾರೆ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಈ ಒಂದು ಮಾತನ್ನು ಪ್ರತಿ ಗ್ರಾಮಸಭೆಯಲ್ಲಿ ಹೇಳಬಹುದು. ಹಣ ಹೋದ ಪಕ್ಷದಲ್ಲಿ ಕ್ಷಣವೂ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು.

ಪೂರ್ತಿ ನಗದಿನಲ್ಲಿಯೇ ಕೊಡಿ ಎನ್ನುವುದು ಮತ್ತೊಂದು ಸೂಚನೆ. 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲ ಅಥವಾ ಠೇವಣಿಯನ್ನು ನಗದಾಗಿ ಸ್ವೀಕರಿಸುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ. ಬ್ಯಾಂಕಿನ ಮೂಲಕ ಕೊಟ್ಟ ಹಣಕ್ಕೆ ಬ್ಯಾಂಕಿನ ಪುಸ್ತಕವೇ ಸಾಕ್ಷಿ.

7. ಕಟ್ಟಡವೇ ಹೇಳುವ ಸೂಚನೆಗಳು

ಮನೆಯನ್ನು ಒಮ್ಮೆ ಹಗಲಿನಲ್ಲಿ, ಒಮ್ಮೆ ಸಂಜೆ ನೋಡಬೇಕು. ಬಾಗಿಲು, ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೊರಟ ಅಗಲವಾದ ಬಿರುಕು ತಳಪಾಯ ಕುಸಿದಿರುವ ಲಕ್ಷಣವಾಗಿರಬಹುದು; ಗಾರೆಯ ಮೇಲಿನ ಕೂದಲೆಳೆಯಂತಹ ಬಿರುಕುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಚಾವಣಿಯಲ್ಲಿ ತುಕ್ಕಿನ ಕಲೆ, ಕಾಂಕ್ರೀಟ್ ಉದುರಿ ಕಾಣುವ ಕಬ್ಬಿಣ ಇದ್ದರೆ ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬಾರದು. ಗೋಡೆಯ ಕೆಳಗಿನ ಎರಡು ಮೂರು ಅಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅದರ ಹಿಂದೆ ತೇವವಿರುವ ಸಂಭವ ಹೆಚ್ಚು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ವಿದ್ಯುತ್ ಮೀಟರ್ ಪ್ರತ್ಯೇಕವಿದೆಯೇ, ಹಳೆಯ ಬಿಲ್ಲಿನ ಬಾಕಿ ಇದೆಯೇ, ಶೌಚಗುಂಡಿ ಎಲ್ಲಿದೆ ಎಂಬುದನ್ನು ಮಾಲೀಕರಿಗಿಂತ ಮೊದಲು ಪಕ್ಕದ ಮನೆಯವರನ್ನು ಕೇಳಬೇಕು. ಹಿಂದಿನ ಬಾಡಿಗೆದಾರರು ಏಕೆ ಬಿಟ್ಟರು, ಅವರ ಮುಂಗಡ ಮರಳಿತೇ ಎಂಬ ಪ್ರಶ್ನೆಗೆ ದೊರೆಯುವ ಉತ್ತರ ಯಾವ ದಾಖಲೆಗಿಂತಲೂ ಹೆಚ್ಚು ತಿಳಿಸುತ್ತದೆ.

ಒಳಹೋಗುವ ದಿನವೇ ಗೋಡೆ, ನಲ್ಲಿ, ಸ್ವಿಚ್ಚು, ಬಾಗಿಲುಗಳ ಛಾಯಾಚಿತ್ರ ತೆಗೆದು, ವಸ್ತುಗಳ ಪಟ್ಟಿ ಬರೆದು, ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಬೇಕು.

8. ಸಾಕ್ಷಿ ಸಹಿ ಮತ್ತು ಸದಸ್ಯರ ಹೊಣೆ

ಕಾನೂನಿನ ಪ್ರಕಾರ ಸಾಕ್ಷಿ ಎಂದರೆ ಪತ್ರ ಬರೆದುಕೊಡುವವನು ಸಹಿ ಹಾಕುವುದನ್ನು ಕಣ್ಣಾರೆ ಕಂಡವನು, ಅಥವಾ ‘ಇದು ನನ್ನ ಸಹಿ’ ಎಂದು ಅವನ ಬಾಯಿಂದಲೇ ಕೇಳಿದವನು. ಮನೆಗೆ ಕಳುಹಿಸಿದ ಕಾಗದಕ್ಕೆ, ಮಾಲೀಕನ ಮುಖವನ್ನೇ ನೋಡದೆ ಸಹಿ ಹಾಕುವುದು ಸಾಕ್ಷಿಯಾಗುವ ಕ್ರಮವಲ್ಲ. ಮುಂದೆ ನ್ಯಾಯಾಲಯಕ್ಕೆ ಕರೆ ಬಂದರೆ ಪ್ರಮಾಣ ಮಾಡಿ ಹೇಳಬೇಕಾದವರು ಸದಸ್ಯರೇ. ಜನರು ಸದಸ್ಯರ ಸಹಿಯನ್ನು ಬರೀ ಸಾಕ್ಷಿಯೆಂದು ನೋಡುವುದಿಲ್ಲ, ಭರವಸೆಯೆಂದು ನೋಡುತ್ತಾರೆ. ಆದುದರಿಂದ:

• ಇಬ್ಬರೂ ಎದುರಿಗಿದ್ದಾಗ ಮಾತ್ರ ಸಹಿ ಹಾಕಬೇಕು. 
• ಕರಾರನ್ನು ಗಟ್ಟಿಯಾಗಿ ಓದಿಸಿ, ಓದು ಬಾರದವರಿಗೆ ಅರ್ಥ ತಿಳಿಸಿದ ನಂತರವೇ ಹೆಬ್ಬೆಟ್ಟು ಪಡೆಯಲು ಹೇಳಬೇಕು. 
• ಪಂಚಾಯಿತಿಯ ಮೊಹರನ್ನು ಖಾಸಗಿ ಕರಾರಿನ ಮೇಲೆ ಒತ್ತಬಾರದು. 
• ಪರಿಚಯದ ಮಾಲೀಕರೆಂಬ ಕಾರಣಕ್ಕೆ ದಾಖಲೆ ಕೇಳಲು ಸಂಕೋಚ ಪಡಬಾರದು. ಪ್ರಾಮಾಣಿಕ ಮಾಲೀಕರು ದಾಖಲೆ ತೋರಿಸಲು ಹಿಂಜರಿಯುವುದಿಲ್ಲ.

9. ಸಹಿಯ ನಂತರ ತೊಂದರೆ ಬಂದರೆ

ಬೀಗ ಒಡೆದು ಸಾಮಾನು ಹೊರಹಾಕುವ, ನೀರು ವಿದ್ಯುತ್ ಕಡಿದು ಓಡಿಸುವ ಅಧಿಕಾರ ಮಾಲೀಕರಿಗಿಲ್ಲ. ಕಾನೂನು ಕ್ರಮದ ಮೂಲಕವೇ ಬಿಡಿಸಬೇಕು. ಬಲವಂತವಾಗಿ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಪ್ರಕರಣದಡಿ 6 ತಿಂಗಳೊಳಗೆ ಸ್ವಾಧೀನ ಕೋರಿ ದಾವೆ ಹೂಡಬಹುದು. ಮುಂಗಡದ ಹಣಕ್ಕಾಗಿ ಹೂಡುವ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿದೆ. ‘ಮುಂದಿನ ತಿಂಗಳು’ ಎಂಬ ಮಾತು ಕೇಳುತ್ತಾ ಅದನ್ನು ಕಳೆದುಕೊಳ್ಳಬಾರದು. ಒಂದೇ ಮನೆಯನ್ನು ಹಲವರಿಗೆ ಭೋಗ್ಯಕ್ಕೆ ಕೊಟ್ಟಿದ್ದರೆ, ಮಾಲೀಕನಲ್ಲದವನು ಮಾಲೀಕನೆಂದು ನಟಿಸಿದ್ದರೆ ಅದು ವಂಚನೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು.

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ದೊರೆಯುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಇದಕ್ಕೆ ಆದಾಯದ ಮಿತಿಯಿಲ್ಲ. ಸಹಾಯವಾಣಿ ಸಂಖ್ಯೆ 15100. ಸಹಿಗೆ ಮುಂಚೆ ಸಲಹೆ ಕೇಳುವುದಕ್ಕೂ ಅಲ್ಲಿಗೆ ಹೋಗಬಹುದೆಂಬುದನ್ನು ಜನರಿಗೆ ತಿಳಿಸಬೇಕು.

10. ಚರ್ಚೆಗೆ ಪ್ರಶ್ನೆಗಳು

ಕೆಳಗಿನ ಪ್ರಶ್ನೆಗಳನ್ನು ಸದಸ್ಯರು ಮುಂದಿನ ಸಭೆಯಲ್ಲಿ ಚರ್ಚಿಸಬಹುದು. ವಾರ್ಡ್ ಸಭೆಗಳಲ್ಲಿಯೂ ಬಳಸಬಹುದು.

(1) ವಿಧವೆಯೊಬ್ಬರು 3 ಲಕ್ಷಕ್ಕೆ ತಾಲ್ಲೂಕು ಕೇಂದ್ರದಲ್ಲಿ ಮನೆ ಭೋಗ್ಯಕ್ಕೆ ಪಡೆಯಲು ಹೊರಟಿದ್ದಾರೆ. ಅದೇ ಬೀದಿಯಲ್ಲಿ ಅಂತಹ ಮನೆಯ ಬಾಡಿಗೆ 7,500 ರೂಪಾಯಿ. ಮಾಲೀಕ ಕೊಡುತ್ತಿರುವ ಬಡ್ಡಿಯ ದರವೆಷ್ಟು? ಯಾವ ದಾಖಲೆಗಳನ್ನು ಕೇಳುವಂತೆ ನೀವು ಹೇಳುವಿರಿ? (ಉತ್ತರ: ವರ್ಷಕ್ಕೆ 90,000, ಅಂದರೆ ಶೇಕಡ 30. ಮೂಲ ಕ್ರಯಪತ್ರ, ಇ.ಸಿ., ಖಾತೆ, ಕಂದಾಯ ರಸೀದಿ, ಭೋಗ್ಯಪತ್ರ ನೋಂದಣಿಯಾಗಬೇಕು.)

(2) ಮಳಿಗೆಯ ಖಾತೆ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಹಿರಿಯ ಮಗ ಮಾತ್ರ ಸಹಿ ಹಾಕುವುದಾಗಿ ಹೇಳುತ್ತಾನೆ. ತಾಯಿ, ಇಬ್ಬರು ತಂಗಿಯರು ಇದ್ದಾರೆ. ಸಾಕ್ಷಿಯಾಗಿ ನೀವು ಏನು ಹೇಳುವಿರಿ?

(3) 5 ಲಕ್ಷ ರೂಪಾಯಿ ಭೋಗ್ಯ, 11 ತಿಂಗಳ ಕರಾರು, ನೋಟರಿ ಮೊಹರು. ‘ಮೂರು ವರ್ಷ ಇರಿ, ನಾನೇನು ಕೇಳುವುದಿಲ್ಲ’ ಎನ್ನುತ್ತಾರೆ ಮಾಲೀಕರು. ಈ ವ್ಯವಹಾರದಲ್ಲಿ ಎಷ್ಟು ಎಚ್ಚರಿಕೆಯ ಸೂಚನೆಗಳಿವೆ?

ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಈ ಮೂರು ಸಾಲುಗಳನ್ನು ಬರೆಸಿದರೆ ಪಾಠದ ಉದ್ದೇಶ ಈಡೇರುತ್ತದೆ: ಮೂಲಪತ್ರ ನೋಡದೆ ಮುಂಗಡ ಬೇಡ. ಮಾಲೀಕರ ಖಾತೆಗಲ್ಲದೆ ಹಣ ಬೇಡ. ಮರಳಿಸುವ ದಿನ ಬರೆಯದ ಕಾಗದಕ್ಕೆ ಸಹಿ ಬೇಡ.